ಅಂಚಿಗೆ ಸವರಿದ ದಾರೂ

ಹೆಂಡತಿ ಕುಸುಮಬಾಯಿ ತೀರಿಕೊಂಡ ಮೇಲೆ ಧೂಳಪ್ಪ ಕುಡಿಯಲು ಹಿಡಿದ. ಉದಗೀರದ ಪೇಟೆಯಲ್ಲಿ ಕಾಳಿನ ವ್ಯಾಪಾರ ಮಾಡುವ, ಕೊರಳಲ್ಲಿ ಲಿಂಗವಿರುವ ಮನೆತನ. ಅಣ್ಣ ಮನ್ಮಥಪ್ಪ ತಮ್ಮನನ್ನು ಹೊರಗೆ ಹಾಕಲು ನಿಂತಾಗ ಅತ್ತಿಗೆ ಶಿವಗಂಗಾಬಾಯಿ ಅಡ್ಡ ಬಂದಳು.

"ಪ್ಯಾಟ್ಯಾಗ ಕುಡದು ಬೀಳೂದಕಿಂತ ನಮ್ಮ ಕೊಟ್ಟಿಗ್ಯಾಗ ಕುಡೀಲಿ. ನಾ ಬೆರಸಿ ಕೊಡತೀನಿ."

"ಲಿಂಗ ಕಟಗೊಂಡು ದಾರೂ ಮುಟ್ಟತೀಯೇನು?"

"ಮುಟ್ಟಿ ಜಳಕಾ ಮಾಡತೀನಿ."

ಹಾಗೇ ಮಾಡಿದಳು. ಹಿಪ್ಪೆ ಹೂವಿನ ದಾರೂ ಕೊಟ್ಟಿಗೆಯ ಗೂಡಿನಲ್ಲಿರುತ್ತಿತ್ತು. ಮೊದಲು ಬೆಲ್ಲದ ನೀರು ಬೆರೆಸಿದಳು. ಧೂಳಪ್ಪ ಮುಖ ಕಿವುಚಿದ. ಹುಣಸೆಹುಳಿ ಹಾಕಿದಳು, ವಾಸನೆ ಕೆಟ್ಟಿತು. ನಿಂಬೆ ಹಿಂಡಿ, ಹುರಿದ ಜೀರಿಗೆ ಕುಟ್ಟಿ ಹಾಕಿದಾಗ "ಇದು ಛಲೋ ಅದ ವೈನಿ" ಎಂದು ಅತ್ತಿಗೆಗೆ ಹೇಳಿದ. ಅವಳು ತಾನು ನಾಲಿಗೆಗೆ ಹಚ್ಚುವಂತಿಲ್ಲ. ಮೂಗಿನಿಂದ, ಅವನ ಮುಖದಿಂದ ಹದ ಹಿಡಿದಳು. ಅವನಿಗೆ ತಿಳಿಯದಂತೆ ದಿನದಿನಕ್ಕೆ ದಾರೂ ಕಡಿಮೆ ಮಾಡಿದಷ್ಟೂ, ಗಂಟಲು ಸುಡಲೆಂದು ಒಣಶುಂಠಿ ಮೆಣಸು ಏರಿಸಿದಳು. ಜೋಳದ ರಾಶಿ ಮುಗಿಯುವ ಹೊತ್ತಿಗೆ ಬಟ್ಟಲಲ್ಲಿ ಬರೀ ಪಾನಕ. ದಾರೂ ಅಂದರೆ ವಾಸನೆಗೆಂದು ಅಂಚಿಗೆ ಬೆರಳಿನಿಂದ ಸವರಿದ್ದಷ್ಟೇ.

ಧೂಳಪ್ಪ ಕುಡಿದು, ಎತ್ತಿನ ಮಗ್ಗುಲಲ್ಲಿ ಕುಳಿತು ಕುಸುಮಬಾಯಿಯ ಮಾತಾಡುತ್ತಿದ್ದ. ಉಂಡು ಮಲಗುತ್ತಿದ್ದ. ಬೆಳಿಗ್ಗೆ ಅಂಗಡಿಗೆ ಹೋಗುತ್ತಿದ್ದ.

ಆಗ ಔರಾದ ಶಹಾಜನಿಯ ಬಸವಣ್ಣೆಪ್ಪ, ತನ್ನ ತಂಗಿಯನ್ನು ಧೂಳಪ್ಪನಿಗೆ ಕೊಡುವ ಮಾತು ಹೊತ್ತು ಬಂದ. ಪಡಸಾಲೆಯಲ್ಲಿ ಪೇಟೆಯವರೂ ಕೂತಿದ್ದರು.

"ಕುಡೀತಾರಂತ ಕೇಳೀವ್ರಿ ಅಕ್ಕಾರ."

'ಬಿಟ್ಟಾನ್ರಿ' ಎಂದಿದ್ದರೆ ಸಾಕಿತ್ತು. ಶಿವಗಂಗಾಬಾಯಿಗೆ ತಡೆಯಲಾಗಲಿಲ್ಲ.

"ಎಲ್ಲೀ ದಾರೂ ರೀ? ಇಂವಾ ಕುಡೀಲತ್ತಿದ್ದು ಶುಂಠಿ ಪಾನಕ. ನಾ ಬಟ್ಟಲಕ್ಕ ವಾಸನಿ ಸವರತೀನಿ, ಇಂವಾ ದಾರೂ ಅಂತ ಕುಡದು ತೂಗಾಡತಾನ."

"ದಾರೂ, ಪಾನಕ ಗುರ್ತ ಹತ್ತಲ್ದಂವಗ ನಾಳಿ ಹೆಂಡ್ತಿ ಗುರ್ತರೆ ಹತ್ತತಾದೇನ್ರಿ?" ಎಂದ ಬಸವಣ್ಣೆಪ್ಪ.

ಪಡಸಾಲೆಯೆಲ್ಲ ನಕ್ಕಿತು. ಧೂಳಪ್ಪನೂ ನಕ್ಕ.

ಮರುದಿನ ಸಂಜೆ ಅವಳು ಬೆರೆಸಿಟ್ಟುಕೊಂಡು ಕಾದಳು. ಅವನು ಪೇಟೆಯಿಂದ ಗೋಡೆ ಹಿಡಿದು ಬಂದ. ಬಾಗಿಲಿಗೇ ವಾಸನೆ ಬಂತು.

"ವೈನಿ, ನೀವು ಕಮ್ಮಿ ಮಾಡಿದ್ದು ನನಗ ಮೊದಲೇ ಗೊತ್ತಿತ್ತು. ಕುಡಿಯಾಂವಗ ತಿಳಿಯಂಗಿಲ್ಲೇನು?"

"ಮತ್ತ ಯಾಕ ಕುಡದಿ?"

"ನೀವು ನನ್ನ ಸಲುವಾಗಿ ಕೂತು ಶುಂಠಿ ಕುಟ್ಟತಿದ್ರಿ, ಅದಕ. ನನಗ ಗೊತ್ತಿದ್ರೂ ನಾ ಅಂದಿಲ್ಲ. ಅದರ ಮ್ಯಾಲೇ ಕುಡ್ಯೂದು ಬಿಡ್ಲತ್ತಿದ್ದೆ ನೋಡ್ರಿ. ಈಗ ಪ್ಯಾಟ್ಯಾಗ ಕಂಡಂವೆಲ್ಲಾ 'ಪಾನಕ ಆತೇನೋ' ಅಂತಾನ."

ಅವಳು ಬಟ್ಟಲು ಚಾಚಿದಳು. ಅವನು ತೆಗೆದುಕೊಂಡು, ಮೂಸಿ, ಚೆಲ್ಲದ ಹಾಗೆ ಗೂಡಿನಲ್ಲಿಟ್ಟ.

ಮನ್ಮಥಪ್ಪ ಈ ಸಲ ಹೆಂಡತಿಯ ಮಾತು ಕೇಳದೆ ತಮ್ಮನನ್ನು ಹೊರಗೆ ಹಾಕಿದ. ಧೂಳಪ್ಪ ದಾಳಿಂಬ ಊರಿನ ಹೊಲದಲ್ಲಿರಲು ಹೋದ; ಅಲ್ಲಿಯೂ ಕುಡಿದನೆಂದೇ ಸುದ್ದಿ. ಔರಾದದವರು ಮತ್ತೆ ಬರಲಿಲ್ಲ.

ಮುಂದೆ ಎಷ್ಟೋ ಬೇಸಿಗೆಗೆ ಆ ಮನೆಯಲ್ಲಿ ಪಾನಕವಾಯಿತು. ಶುಂಠಿ ಹಾಕು ಎಂದು ಯಾರಾದರೂ ಅಂದರೆ ಶಿವಗಂಗಾಬಾಯಿ "ತೀರ್ಯಾದ" ಎನ್ನುತ್ತಿದ್ದಳು. ಡಬ್ಬಿಯಲ್ಲಿ ಶುಂಠಿ ಇರುತ್ತಿತ್ತು.