ಪಟ್ಟಿಯ ಏಳನೇ ಹೆಸರು

ನಮ್ಮ ಮನೆತನದ ಹನ್ನೊಂದು ಫೋನುಗಳೂ ವೈಮೋಆನಾ ಅತ್ತೆಯ ಹೆಸರಿನಲ್ಲಿದ್ದವು. ಟೋಂಗಾದವರಾದ ನಮ್ಮಲ್ಲಿ ಅಪ್ಪನ ಅಕ್ಕನ ಮಾತಿಗೆ ಎದುರಾಡುವ ರೂಢಿಯಿಲ್ಲ. ಸಿಡ್ನಿಗೆ ಬಂದು ಮೂವತ್ತು ವರ್ಷವಾದರೂ ಇಲ್ಲ. ಎಲ್ಲರದ್ದೂ ಒಂದೇ ಕಡೆ ಇದ್ದರೆ ಅಗ್ಗ ಎಂದು ಅತ್ತೆ ಹೇಳಿದಾಗ ಎಲ್ಲರೂ ಲೈಸೆನ್ಸು, ಹುಟ್ಟಿದ ದಿನಾಂಕ ಒಪ್ಪಿಸಿ ಬಂದೆವು. ನನ್ನ ತಂಗಿ ಲೆಸಿಯೇಲಿಯೂ ಒಪ್ಪಿಸಿದಳು.

ಎರಡು ವರ್ಷದ ಹಿಂದೆ ಅವಳು ಗಂಡ ಸೆಮಿಸಿಯನ್ನು ಬಿಟ್ಟಳು. ಬಿಟ್ಟಳು ಅಂದರೆ, ಮುರಿದ ದವಡೆ ಹಿಡಿದುಕೊಂಡು ನಾನು ಬಟ್ಟೆ ಒಗೆಯುವ ಆಸ್ಪತ್ರೆಗೇ ಬಂದಳು, ಅಲ್ಲಿಂದ ಮತ್ತೆ ಮನೆಗೆ ಹೋಗಲಿಲ್ಲ. ಅವಳ ಹತ್ತಿರ ಸುಳಿಯಬಾರದೆಂದು ಕೋರ್ಟು ಅವನಿಗೆ ಕಟ್ಟಪ್ಪಣೆ ಮಾಡಿತ್ತು. ಮಗಳೊಂದಿಗೆ ಅವಳು ಎಲ್ಲಿದ್ದಾಳೆಂದು ನನಗೊಬ್ಬಳಿಗೇ ಗೊತ್ತಿತ್ತು. ಅತ್ತೆಯ ಪ್ಲಾನು ಬಿಟ್ಟುಬಿಡು ಎಂದಿದ್ದೆ. "ಯಾಕೆ ಬಿಡ್ತೀಯ ಅಂತ ಕೇಳಿದ್ರೆ ಅತ್ತೆಗೆ ಏನು ಹೇಳ್ಲಿ" ಎಂದು ಅದರಲ್ಲೇ ಉಳಿದಳು. ಒಮ್ಮೆ ಸಿಮ್ ಕೆಟ್ಟಾಗ ಕಂಪನಿ ಹೊಸದನ್ನು ಅವಳ ಹೊಸ ಮನೆಗೇ ಅಂಚೆಯಲ್ಲಿ ಕಳಿಸಿತು. ಸಿಮ್ ತಲುಪಿದ ಮೇಲೆ ಆ ವಿಳಾಸ ಅವರಿಗೇಕೆ ಬೇಕಿತ್ತೋ, ಇಟ್ಟುಕೊಂಡರು.

ಜೂನಿನಲ್ಲಿ ಕಂಪನಿಯ ಕಂಪ್ಯೂಟರಿಗೆ ಕಳ್ಳರು ನುಗ್ಗಿದರು. ಸುದ್ದಿ ಕೇಳಿದ ದಿನವೇ ನಾನು ಲೈಸೆನ್ಸ್ ನಂಬರು ಬದಲಿಸಲು ಕೊಟ್ಟೆ, ನನ್ನ ಹೆಸರಲ್ಲಿ ಯಾರೂ ಸಾಲ ಎತ್ತದಂತೆ ತಡೆ ಹಾಕಿಸಿದೆ, ಪಾಸ್‌ವರ್ಡುಗಳನ್ನೆಲ್ಲ ಬದಲಿಸಿದೆ. ತಂಗಿಯಿಂದಲೂ ಮಾಡಿಸಿದೆ. ದೊಡ್ಡ ಜಾಣೆಯಂತೆ ಬೀಗಿದೆ ಕೂಡ. ಯಾರ ಯಾವ ವಿವರ ಕಳುವಾಯಿತೆಂದು ತಿಳಿಸುವುದು ಕಂಪನಿಯ ಹೊಣೆ, ಅದಕ್ಕೆ ಕಾನೂನಿದೆ. ಕಂಪನಿ ತಿಳಿಸಿತು. ಹನ್ನೊಂದು ಜನಕ್ಕೆ ಹನ್ನೊಂದು ಕಾಗದ ಬರೆಯುವ ಬದಲು ಅತ್ತೆಗೆ ಒಂದೇ ಪಟ್ಟಿ ಕಳಿಸಿತು.

ಭಾನುವಾರ ಪ್ರಾರ್ಥನೆಯ ನಂತರ ನಮ್ಮ ಚರ್ಚಿನಲ್ಲಿ ಪ್ರಕಟಣೆಗಳ ಹೊತ್ತು. ಯಾರ ಮಗ ಪಾಸಾದ, ಯಾರಿಗೆ ಆಪರೇಷನ್, ಎಲ್ಲವನ್ನೂ ಗಟ್ಟಿಯಾಗಿ ಓದುತ್ತೇವೆ. ಓದದಿದ್ದರೆ ಮುಚ್ಚಿಟ್ಟರು ಎನ್ನುತ್ತಾರೆ. ನಮ್ಮಲ್ಲಿ ಗೌರವಕ್ಕೆಂದು ಉಡುವ ಚಾಪೆಯನ್ನು ಸೊಂಟಕ್ಕೆ ಬಿಗಿದಿದ್ದ ಅತ್ತೆ ಕಾಗದ ಹಿಡಿದು ಎದ್ದು ನಿಂತರು.

"ನೋಡ್ರಪ್ಪ, ಫೋನ್ ಕಂಪನಿಯವ್ರು ಬಾಗಿಲು ತೆಗೆದಿಟ್ಟು ಗೊರಕೆ ಹೊಡೀತಿದ್ರಂತೆ. ನಿಮ್ಮ ನಿಮ್ಮದು ಏನೇನು ಹೋಗಿದೆ ಅಂತ ಓದ್ತೀನಿ. ಆಮೇಲೆ ಅತ್ತೆ ಹೇಳ್ಲೇ ಇಲ್ಲ ಅಂತ ಬಂದ್ರೆ ನಾನು ಕೇಳಲ್ಲ."

ಎಲ್ಲರೂ ನಕ್ಕರು. ಅತ್ತೆ ಹೆಸರು, ಹುಟ್ಟಿದ ದಿನ, ಲೈಸೆನ್ಸು, ಮನೆ ವಿಳಾಸ ಎಂದು ಒಂದನ್ನೂ ಬಿಡದೆ ಓದತೊಡಗಿದರು. ನಡುವೆ, "ಫಿಲಿಪೆ, ನಿಂಗೆ ನಲವತ್ತಾರಾ? ಹೆಂಡತಿಗೆ ನಲವತ್ತು ಅಂದಿದ್ಯಂತೆ" ಎಂದು ಚುಚ್ಚಿದರು.

ಆರನೇ ಹೆಸರಿನ ಹೊತ್ತಿಗೆ, ಮುಂದೆ ತಂಗಿಯ ವಿಳಾಸವೂ ಬರುತ್ತದೆಂದು ನನಗೆ ಹೊಳೆಯಿತು. ಸೆಮಿಸಿ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಚರ್ಚಿಗೆ ಬರಬೇಡ ಎಂದು ಯಾವ ಕೋರ್ಟೂ ಅವನಿಗೆ ಹೇಳಿರಲಿಲ್ಲ. ನಾನು ಎದ್ದು ನಿಂತು "ಅತ್ತೆ" ಎಂದೆ.

ಅತ್ತೆ ತಲೆ ಎತ್ತದೆ ಕೈ ಆಡಿಸಿದರು. "ಕೂತ್ಕೋ ಲವೀನಿಯಾ. ನಿಂದು ಒಂಬತ್ತನೇದು, ಬರತ್ತೆ."

ಇನ್ನೂರು ಜನರ ಎದುರು ಆಕೆಯ ಮಾತು ತಡೆದವರು ನಮ್ಮಲ್ಲಿ ಯಾರೂ ಇಲ್ಲ. ನಾನು ಕೂತೆ. ಎಷ್ಟು ತೊಳೆದರೂ ಹೋಗದ ನಾಚಿಕೆ ಅದು.

ಏಳನೇ ಹೆಸರು ಓದಿದರು, ಲೆಸಿಯೇಲಿ. ಮನೆಯ ನಂಬರು, ಬೀದಿ, ಊರು. ಊರಿನ ಹೆಸರಿಗೆ ಅತ್ತೆಯ ದನಿ ತೊದಲಿತು, ಮತ್ತೆ ಮುಂದುವರಿಯಿತು. ನಾನು ಹಿಂದೆ ತಿರುಗಿದೆ. ಸೆಮಿಸಿ ಜೇಬಿನಿಂದ ಫೋನು ತೆಗೆದು ಏನನ್ನೋ ಒತ್ತಿಕೊಂಡ. ಆಮೇಲೆ ಕೈಕಟ್ಟಿ ಕೂತು ಉಳಿದ ನಾಲ್ಕು ಹೆಸರನ್ನೂ ವಿನಯದಿಂದ ಕೇಳಿಸಿಕೊಂಡ.

ಹೊರಗೆ ಕಾರುಗಳ ನಡುವೆ ನಿಂತು ತಂಗಿಗೆ ಫೋನು ಮಾಡಿದೆ. ಅವಳು ಅಳಲಿಲ್ಲ.

"ಅವನು ಅಲ್ಲೇ ಇದಾನಾ?"

"ಇದಾನೆ. ಊಟಕ್ಕೆ ಕೂತಿದಾನೆ."

"ಆರು ಗಂಟೆ ದಾರಿ. ಸರಿ, ಇಡು."

ಪೊಲೀಸರಿಗೂ ಹೇಳಿದೆ. ಅದೇ ರಾತ್ರಿ ಅವನು ಅಲ್ಲಿಗೆ ಹೋಗಿ ಬಾಗಿಲು ಒದ್ದು ಮುರಿದನಂತೆ. ಪೊಲೀಸರು ಹಿಡಿದುಕೊಂಡು ಹೋದರು, ಎರಡು ದಿನಕ್ಕೆ ಜಾಮೀನು ಸಿಕ್ಕಿತು. ಮನೆ ಖಾಲಿಯಿತ್ತು, ಒಲೆಯ ಮೇಲೆ ಮಗುವಿನ ಗಂಜಿ ಹಾಗೇ ಇತ್ತಂತೆ.

ಸೋಮವಾರ ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದೆ. ಆ ಕಡೆಯ ಹುಡುಗಿಯ ದನಿ ಮೃದುವಾಗಿತ್ತು. "ತುಂಬಾ ವಿಷಾದ ಮೇಡಂ. ನಿಮ್ಮ ತಂಗಿ ಹೆಸರಲ್ಲಿ ಯಾರಾದ್ರೂ ಸಾಲ ತಗೊಂಡ್ರೆ ತಿಳಿಸೋ ಸೇವೆ ಒಂದು ವರ್ಷ ಫ್ರೀ ಕೊಡ್ತೀವಿ."

"ಅವಳ ಹೆಸರಲ್ಲಿ ಯಾರೂ ಸಾಲ ತಗೋತಿಲ್ಲಮ್ಮ. ಬಿಟ್ಟ ಗಂಡ ಅವಳ ಪ್ರಾಣ ತೆಗೆಯೋಕೆ ಹೋಗಿದ್ದ. ವಿಳಾಸ ಯಾಕೆ ಇಟ್ಕೊಂಡಿದ್ರಿ? ಅವಳದ್ದನ್ನ ಅತ್ತೆಗೆ ಯಾಕೆ ಕಳಿಸಿದ್ರಿ?"

"ಖಾತೆ ಅವ್ರ ಹೆಸರಲ್ಲಿದೆ ಮೇಡಂ. ತಂಗಿಯವ್ರು ಮನೆ ಬದಲಿಸಿದ್ರೆ ಹೊಸ ವಿಳಾಸ ಹೇಳಿ, ರೆಕಾರ್ಡಲ್ಲಿ ಸರಿ ಮಾಡ್ತೀನಿ."

ನಕ್ಕುಬಿಟ್ಟೆ. ಅವಳ ವಿವರವೆಲ್ಲ ಅಳಿಸಿ ಎಂದು ಬರೆದು ಕಳಿಸಿದೆ, ದೂರನ್ನೂ ಕೊಟ್ಟೆ. ಕಂಪನಿ ಮೂವತ್ತು ದಿನದಲ್ಲಿ ಉತ್ತರಿಸದಿದ್ದರೆ ಜನರ ಖಾಸಗಿ ಮಾಹಿತಿ ಕಾಯುವ ಕಮಿಷನರ್ ಕಚೇರಿಗೆ ಹೋಗಬಹುದು. ಹೋಗುತ್ತೇನೆ, ಬಿಡುವುದಿಲ್ಲ.

ಬುಧವಾರ ಯಾವುದೋ ಗೊತ್ತಿಲ್ಲದ ನಂಬರಿನಿಂದ ಲೆಸಿಯೇಲಿ ಮಾತಾಡಿದಳು. ಹಳೆಯ ಸಿಮ್ ಎಸೆದಿದ್ದಳು.

"ಎಲ್ಲಿದೀಯ ಕಣೆ?"

"ಚೆನ್ನಾಗಿದೀವಿ ಅಕ್ಕ."

"ಎಲ್ಲಿ ಅಂತ ಕೇಳಿದ್ದು. ನಾನು ಯಾರಿಗೂ ಹೇಳಲ್ಲ, ನಿಂಗೆ ಗೊತ್ತಲ್ಲ."

"ಅತ್ತೆ ಓದೋವಾಗ ನೀನು ಅಲ್ಲೇ ಇದ್ಯಲ್ವಾ?"

"ಎದ್ದು ನಿಂತೆ ಲೆಸಿಯೇಲಿ. ಅತ್ತೆ ಕೂತ್ಕೋ ಅಂದ್ರು."

"ಕೂತ್ಯಾ?"

"ಕೂತೆ."

"ಕೋಪ ಇಲ್ಲ ಅಕ್ಕ. ನಾನಿದ್ರೂ ಕೂತ್ಕೋತಿದ್ದೆ. ಅದಕ್ಕೇ ಎಲ್ಲಿ ಅಂತ ಹೇಳಲ್ಲ" ಎಂದಳು.