ಕೊನೆಯ ಐದು ನಿಮಿಷ

ಜಪಾನಿನವರಿಗೆ ಮಕ್ಕಳ ಮೇಲೆ ಏನು ದ್ವೇಷವೋ ಶಿವನೇ ಬಲ್ಲ. ಅವರ ಹಳೇ ಕಾರ್ಟೂನು ಯಾವುದನ್ನೇ ಹಾಕಿ, ಮೊದಲರ್ಧ ಹೂವು, ಮೋಡ, ಮುದ್ದು ನಾಯಿಮರಿ. ಕೊನೆಗೆ ನಾವು ಯಾರ ಮೇಲೆ ಜೀವ ಇಟ್ಟಿರುತ್ತೇವೋ ಅವರನ್ನೇ ಹುಡುಕಿ ಸಾಯಿಸುತ್ತಾರೆ. ನನ್ನ ತಮ್ಮ ಬೈರೇಶನಿಗೆ ಅದರದೇ ಹುಚ್ಚು. ಬಿಡದಿಯಲ್ಲಿ ಜೊತೆಗೆ ಕೆಲಸ ಮಾಡುವ ಯಾವನೋ ಪೆನ್‌ಡ್ರೈವ್ ತುಂಬಾ ತುಂಬಿಸಿ ಕೊಟ್ಟಿದ್ದಾನೆ, ಅವನ ಮನೆ ಹಾಳಾಗ. ರಜಕ್ಕೆ ಊರಿಗೆ ಬಂದಾಗೆಲ್ಲ ಇವನು ಅದನ್ನು ಟೀವಿಗೆ ಚುಚ್ಚುತ್ತಾನೆ.

"ಸತ್ತೋರ್ನ ಸತ್ರು ಅಂತ್ಲೇ ತೋರಿಸ್ತಾರೆ ಕಣಕ್ಕ, ಅದ್ರಲ್ಲೇನೈತೆ?" ಅನ್ನುತ್ತಾನೆ. ದೊಡ್ಡ ಪಂಡಿತ!

ನಮ್ಮಣ್ಣ ಕೆಂಪರಾಜುವಿನ ಹೆಂಡತಿ ತೀರಿಕೊಂಡು ಐದು ತಿಂಗಳಾಗಿತ್ತು. ಎಂಟು ವರ್ಷದ ಮಗಳು ಧನುಶ್ರೀಯನ್ನು ಆವತ್ತೇ ಮಾಗಡಿಯ ನೆಂಟರ ಮನೆಗೆ ಸಾಗಿಸಿ, ತಿಥಿ ಮುಗಿದ ಮೇಲೆ ಕರೆತಂದೆವು. ಅಮ್ಮ ಮೈಸೂರಿನ ಆಸ್ಪತ್ರೆಯಲ್ಲಿದ್ದಾಳೆ, ವಾಸಿಯಾದ ಮೇಲೆ ಬರುತ್ತಾಳೆ ಎಂದು ಅವಳಿಗೆ ಹೇಳಿದವಳು ನಾನು. ಕೂಸಿನ ಎದೆ ಒಡೆಯಬಾರದು ಎಂದೇ ಹೇಳಿದೆ. ಅದು ತಪ್ಪು ಎಂದು ಯಾರಾದರೂ ನನ್ನ ಮುಂದೆ ಬಂದು ಹೇಳಲಿ, ನೋಡುತ್ತೇನೆ.

ಪಿತೃಪಕ್ಷದ ದಿನ ಒಳಕೋಣೆಯಲ್ಲಿ ಎಡೆ ಇಟ್ಟೆವು. ಅತ್ತಿಗೆಗೆ ಇಷ್ಟವಾದ ಕಜ್ಜಾಯ, ಬಾಡಿನ ಸಾರು, ಒಂದು ಹೊಸ ಸೀರೆ. ಧೂಪ ಹಾಕಿ, ಹೋದವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿಕೊಂಡು ಹೊರಗೆ ಬಂದೆವು. ಮಗು ಇದನ್ನೆಲ್ಲ ನೋಡಬಾರದೆಂದು ಅವಳನ್ನು ಬೈರೇಶನ ಜೊತೆ ಹಜಾರದಲ್ಲಿ ಟೀವಿ ಮುಂದೆ ಕೂರಿಸಿದ್ದೆ. ಬಂದು ನೋಡಿದರೆ, ಆ ಮೂದೇವಿ ಏನು ಹಾಕಿದ್ದಾನೆ? ಅಮ್ಮನನ್ನು ಹುಡುಕಿಕೊಂಡು ದ್ವೀಪದಿಂದ ದ್ವೀಪಕ್ಕೆ ಅಲೆಯುವ ಹುಡುಗಿಯ ಕಥೆ! ಹುಡುಗಿ ಆಗಲೇ ಸಮುದ್ರದ ದಂಡೆಯಲ್ಲಿ ಒಂದು ಸಮಾಧಿಯ ಕಡೆಗೆ ನಡೆಯುತ್ತಿದ್ದಳು. ಓಡಿಹೋಗಿ ಪ್ಲಗ್ ಕಿತ್ತೆ.

"ಏನ್ಲಾ, ನಿಂಗೆ ಒಸಿನಾದ್ರೂ ಬುದ್ಧಿ ಐತಾ? ಇವತ್ತೇ ಸಿಕ್ತಾ ಇದು?"

"ಇನ್ನೈದು ನಿಮಿಷ ಇತ್ತು ಕಣಕ್ಕ. ಅವ್ಳೇ ಕೇಳಿದ್ಲು..."

"ನಿನ್ ಬಾಯಿಗ್ ಮಣ್ಣಾಕ! ಮುಚ್ಚು!"

ಧನು ನನ್ನತ್ತ ತಿರುಗಿದಳು. "ಅತ್ತೆ, ಕೊನೆಗೆ ಏನಾಯ್ತದೆ?"

"ಅವ್ರಮ್ಮ ಸಿಕ್ತಾಳೆ ಕಣವ್ವ. ಇಬ್ರೂ ಮನೆಗೆ ಬತ್ತಾರೆ."

"ಸುಳ್ಳು. ನಾನು ಮೂರ್ ಸಲ ನೋಡಿವ್ನಿ. ಅವ್ರಮ್ಮ ಸತ್ತೋಗವ್ಳೆ."

"ಗೊತ್ತಿದ್ದೂ ಯಾಕೆ ನೋಡ್ತೀಯ, ಮುಂಡೇದೆ?" ಎಂದು ರೇಗಿದೆ.

"ಅದ್ನ ನೋಡ್ತಾ ಅತ್ರೆ, ಯಾಕಳ್ತೀಯ ಅಂತ ಯಾರೂ ಕೇಳಾಕಿಲ್ಲ."

ಬೈರೇಶ ತಲೆ ಎತ್ತಲಿಲ್ಲ. ಅವನನ್ನು ಇನ್ನಷ್ಟು ಬೈಯಲು ಬಾಯಿ ತೆರೆದೆ. ಬೈಯುವುದನ್ನು ಬಿಟ್ಟು ಮಗುವಿನ ಪಕ್ಕ ಹೋಗಿ ಕೂತೆ. ಮಗು ಒಳಕೋಣೆಯ ಮುಚ್ಚಿದ ಬಾಗಿಲನ್ನೇ ನೋಡುತ್ತಿತ್ತು.

"ಅತ್ತೆ, ಅಮ್ಮ ಉಂಡಾಯ್ತಾ?"

"ಇಲ್ಲ ಕಣವ್ವ," ಎಂದೆ. "ಇನ್ನೂ ಉಣ್ತಾವ್ಳೆ."