ಹತ್ತು ಬೆರಳಿನ ಖಮೀಸ್

"ಬೆರಳ ಸಂದಿಗೂ ನೀರು ಹೋಗ್ಬೇಕು. ಒಂದೊಂದನ್ನೇ ಬಿಡಿಸಿ ತೊಳಿ," ಎಂದರು ಮಸೀದಿಯಿಂದ ಬಂದಿದ್ದ ಮುದುಕರು.

ಮಹ್ರೆಜ್ ಅಪ್ಪನ ಬಲಗೈಯನ್ನು ತನ್ನ ಎಡ ಅಂಗೈ ಮೇಲೆ ಇಟ್ಟುಕೊಂಡು ಕಿರುಬೆರಳಿನಿಂದ ಶುರುಮಾಡಿದ. ಬೆರಳುಗಳು ಆಗಲೇ ಬಿಗಿಯತೊಡಗಿದ್ದವು. ತಾಮ್ರದ ಚೆಂಬಿನಿಂದ ನೀರು ಹುಯ್ಯುತ್ತಿದ್ದವನು ಹತ್ತಾಬ್. ಅಪ್ಪನ ಜೊತೆ ಒಂದೇ ಬಡಗಿ ಅಂಗಳದಲ್ಲಿ ಮರ ಕೊಯ್ದು ಮುದುಕನಾದವನು, ಎಡಗೈಯ ಎರಡು ಬೆರಳನ್ನು ಅದೇ ಅಂಗಳಕ್ಕೆ ಕೊಟ್ಟವನು.

"ಏನು ಚೆಂದ ಇಟ್ಕೊಂಡಿದ್ದಾನೆ ನೋಡು ಕೈನ, ಮದುಮಗನ ಥರ," ಎಂದ ಹತ್ತಾಬ್. "ನಮ್ಮ ಅಂಗಳದಿಂದ ಹತ್ತಕ್ಕೆ ಹತ್ತೂ ವಾಪಸ್ ತಗೊಂಡು ಹೋಗ್ತಿರೋನು ನಿಮ್ಮಪ್ಪ ಒಬ್ಬನೇ ಕಣೋ. ನನ್ನನ್ನ ತೊಳೆಯೋವಾಗ ನಿಮಗೆ ಅಷ್ಟು ಕೆಲಸ ಕಮ್ಮಿ."

"ಸತ್ತ ಮನೇಲಿ ಎಂಥ ತಮಾಷೆಯಯ್ಯಾ?"

"ತಮಾಷೆ ಎಲ್ಲಿ ಬಂತು ಹಿರೀಕರೇ, ಇದ್ದಿದ್ದು ಹೇಳಿದೆ," ಎಂದ ಹತ್ತಾಬ್. ಅವನು ಆಚೆ ತಿರುಗಿ ಚೆಂಬಿಗೆ ನೀರು ತುಂಬಿಸಿಕೊಳ್ಳುವ ನೆವದಲ್ಲಿ ಮೂಗು ಒರೆಸಿಕೊಂಡ.

ಮಹ್ರೆಜ್ ತೊಳೆಯುತ್ತಲೇ ಇದ್ದ. ಅವನ ಬಲಗೈಯಲ್ಲಿ ಉಳಿದಿದ್ದುದು ಹೆಬ್ಬೆರಳು, ತೋರುಬೆರಳು ಅಷ್ಟೇ. ಮಿಕ್ಕ ಮೂರೂ ಹೋದಂದಿನಿಂದ ಅಪ್ಪ ಆ ಕೈಯನ್ನು ಒಂದು ದಿನವೂ ನೆಟ್ಟಗೆ ನೋಡಿದವನಲ್ಲ. ಊಟಕ್ಕೆ ಕೂತಾಗ ಮುಖ ಬಾಗಿಲ ಕಡೆಗೆ ತಿರುಗಿಸುತ್ತಿದ್ದ. ಬಾ, ಹೋಗು, ಬಾಗಿಲು ಹಾಕು, ಇಷ್ಟು ಬಿಟ್ಟರೆ ಇಬ್ಬರ ನಡುವೆ ಮಾತೂ ಇರಲಿಲ್ಲ. ಇವತ್ತು ಅದೇ ಕೈಯಲ್ಲಿ ಮೈ ತೊಳೆಸಿಕೊಳ್ಳುತ್ತಿದ್ದ. ಬೇಡ ಅನ್ನುವ ಹಾಗಿಲ್ಲ. ಕೋಪವೋ ಅಸಹ್ಯವೋ ಏನಿತ್ತೋ ಅದನ್ನು ಒಂದೇ ಒಂದು ಸಲ ಬಾಯಿ ಬಿಟ್ಟು ಹೇಳಿಬಿಡಬಾರದಿತ್ತೆ ಈ ಮನುಷ್ಯ, ಎಂದುಕೊಂಡ ಮಹ್ರೆಜ್. ಇನ್ನು ಹೇಳುವವರು ಯಾರು?

*

ಸ್ಫಾಕ್ಸ್ ಬಂದರಿನ ಹಿಂದುಗಡೆ ಅವರ ಅಂಗಳ. ಎಣ್ಣೆ ತೆಗೆಯುವ ದೊಡ್ಡ ಗಾಣಗಳು ಹಡಗು ಹತ್ತುವ ಮುಂಚೆ ಅವನ್ನು ಮರದ ಮಣೆಯ ಮೇಲೆ ಕೂರಿಸಬೇಕು. ಮಣೆ ಅಂದರೆ ಮನೆಯಲ್ಲಿ ಕೂರುವ ಮಣೆಯಲ್ಲ. ತೊಲೆಗಳನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು ಬೋಲ್ಟು ಬಿಗಿದ, ಎರಡು ಒಂಟೆಯಷ್ಟು ತೂಗುವ ರಾಕ್ಷಸ. ಅದನ್ನು ಕಟ್ಟುವುದು ಮಗುಚಿಟ್ಟು. ಕಟ್ಟಿದ ಮೇಲೆ ಹಾರೆ ಕೊಟ್ಟು ಎತ್ತಿ ಹೊರಳಿಸಬೇಕು. ಎತ್ತಿದಾಗ ಅಡಿಗೆ ಮರದ ದಿಮ್ಮಿ ತಳ್ಳಬೇಕು. ಬೆರಳುಗಳು ಹೋಗುವುದು ಅಲ್ಲಿಯೇ.

ಮಹ್ರೆಜ್‌ನ ಅಪ್ಪ ಖಮೀಸ್ ಅಡಿಗೆ ಕೈ ಹಾಕುತ್ತಿರಲಿಲ್ಲ. ಆಲಿವ್ ಮರದ ಒಂದು ಕೋಲು ಇಟ್ಟುಕೊಂಡಿದ್ದ. ದಿಮ್ಮಿಯನ್ನು ಅದರಿಂದಲೇ ತಳ್ಳುತ್ತಿದ್ದ, ಅದರಿಂದಲೇ ಎಳೆಯುತ್ತಿದ್ದ. ಹಳೆಯ ಹಲಗೆಯಲ್ಲಿ ಮೊಳೆ ಕಂಡರೆ ಯಾರದೇ ಆಗಲಿ, ನಿಂತು ಬಗ್ಗಿಸಿಯೇ ಮುಂದೆ ಹೋಗುತ್ತಿದ್ದ. ಎತ್ತುವ ಮುಂಚೆ, "ಕೈ ತೋರ್ಸಿ!" ಎಂದು ಕೂಗುತ್ತಿದ್ದ. ಎಲ್ಲರೂ ಎರಡೂ ಕೈ ಮೇಲೆತ್ತಿ ತೋರಿಸುವವರೆಗೆ ಹಾರೆ ಮುಟ್ಟಲು ಬಿಡುತ್ತಿರಲಿಲ್ಲ.

"ಬಂದ್ರಪ್ಪಾ ಮೇಷ್ಟ್ರು, ಉಗುರು ನೋಡೋಕೆ," ಎಂದು ಅಂಗಳವೆಲ್ಲ ನಗುತ್ತಿತ್ತು.

ಹತ್ತು ಬೆರಳಿನ ಖಮೀಸ್ ಎಂದು ಹೆಸರಿಟ್ಟಿದ್ದರು. ಅದು ಹೊಗಳಿಕೆಯಲ್ಲ. ಬೆರಳು ಕೊಡದವನು ಗಂಡಸೇ ಅಲ್ಲ ಅನ್ನುವ ಜಾಗ ಅದು. ಅವನ ಕೈ ನಿಧಾನ. ಉಳಿದವರು ಎರಡು ಮಣೆ ಹೊರಳಿಸುವಷ್ಟರಲ್ಲಿ ಅವನದು ಒಂದು. ಮೇಸ್ತ್ರಿಯಾಗಬೇಕಾದ ಸರದಿ ಬಂದಾಗ ಅವನನ್ನು ದಾಟಿಕೊಂಡು ಜೊತೆಗಾರ ಬೂರಾವಿಗೆ ಹೋಯಿತು. ಖಮೀಸ್ ಕೋಲು ತೆಗೆದುಕೊಂಡು ಮರುದಿನವೂ ಬಂದ.

ಮಹ್ರೆಜ್‌ಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಅಂಗಳಕ್ಕೆ ಸೇರಿದ ದಿನವೇ ಬೂರಾವಿ ಕೇಳಿದ್ದ: "ಏನಪ್ಪಾ ಹತ್ತು ಬೆರಳಿನ ಮಗ, ನಿನಗೂ ಒಂದು ಊರುಗೋಲು ಕೊಡಿಸ್ಬೇಕಾ?"

*

ಹೆಣ ಎತ್ತುವ ಹೊತ್ತಿಗೆ ಬಿಸಿಲು ಗೋಡೆ ಹತ್ತಿತ್ತು. ಒಳಗಿನ ಕೋಣೆಯಲ್ಲಿ ಹೆಂಗಸರ ಅಳು ಒಮ್ಮೆ ಏರುತ್ತಿತ್ತು, ಒಮ್ಮೆ ಇಳಿಯುತ್ತಿತ್ತು. ಅಮ್ಮ ಸಲೂಹಾ ಅಳುತ್ತಿರಲಿಲ್ಲ. ಬಾಗಿಲ ಹತ್ತಿರ ಬಂದು ಮಗನ ತೋಳು ಹಿಡಿದುಕೊಂಡಳು.

"ಅವರಜ್ಜಿ ಗೋರಿ ಪಕ್ಕದಲ್ಲೇ ಮಲಗಿಸ್ಬೇಕಂತೆ, ಎಡಕ್ಕೆ. ಬಲಕ್ಕೆ ಬೇಡ ಅಂತ ಹೇಳಿದ್ರು. ಮರೀಬೇಡ."

"ಎಡ ಆದ್ರೇನು, ಬಲ ಆದ್ರೇನು?"

"ನನಗೇನು ಗೊತ್ತು? ನನ್ನ ಹತ್ರ ಯಾವತ್ತು ಏನು ಹೇಳಿದ್ರು ಆ ಮನುಷ್ಯ? ಇಷ್ಟು ಹೇಳಿದ್ದೇ ಹೆಚ್ಚು."

ಓಣಿಯಲ್ಲಿ ಬೂರಾವಿ ನಿಂತಿದ್ದ. ಬಂದು ಮಹ್ರೆಜ್‌ನನ್ನು ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟ. "ದೇವರು ಒಳ್ಳೇದು ಮಾಡ್ಲಿ. ಪುಣ್ಯಾತ್ಮ. ಅಂಥವನು ಇನ್ನು ಹುಟ್ಟಲ್ಲ ಬಿಡು." ಆಮೇಲೆ ದನಿ ತಗ್ಗಿಸಿ, "ಮೂರು ದಿನ ಕೂತ್ಕೊಳ್ಳೋದು ಪದ್ಧತಿ, ನನಗೂ ಗೊತ್ತು. ಆದ್ರೆ ಹಡಗು ನಿಂತಿದೆ ಮಾರಾಯ. ನಾಳೆ ಒಂದು ಗಳಿಗೆ ಬಂದು ಹೋದ್ರೆ..." ಎಂದ.

"ಬರ್ತೀನಿ," ಎಂದ ಮಹ್ರೆಜ್. ಬರದೆ ಇನ್ನೇನು ಮಾಡಿಯಾನು? ಬಲಗೈಗೆ ಎರಡೇ ಬೆರಳಿನ ಬಡಗಿಗೆ ಬೇರೆ ಯಾವ ಅಂಗಳ ಬಾಗಿಲು ತೆಗೆಯುತ್ತದೆ?

ಚಟ್ಟವನ್ನು ಹೊರಲು ಅಂಗಳದವರೇ ಮುಂದೆ ಬಂದರು. ಬಗ್ಗಿ ಹಿಡಿಗಳಿಗೆ ಕೈ ಹಾಕಬೇಕು, ಅಷ್ಟರಲ್ಲಿ ಹತ್ತಾಬ್‌ಗೆ ಏನಾಯಿತೋ, ಬಾಯಿಗೆ ರೂಢಿಯಾಗಿದ್ದ ಮಾತು ಜಾರಿಬಿಟ್ಟಿತು.

"ಕೈ ತೋರ್ಸಿ!"

ಯಾರೂ ನಗಲಿಲ್ಲ. ಒಬ್ಬೊಬ್ಬರಾಗಿ ಕೈ ಮೇಲೆತ್ತಿದರು. ಒಬ್ಬನಿಗೆ ಹೆಬ್ಬೆರಳಿಲ್ಲ, ಒಬ್ಬನದು ತುದಿ ಚಪ್ಪಟೆ, ಒಬ್ಬನಿಗೆ ಕಿರುಬೆರಳಿನ ಜಾಗದಲ್ಲಿ ಬರೀ ಗಂಟು. ಬೂರಾವಿಯೂ ಎತ್ತಿದ, ಅವನಿಗೂ ಒಂದು ಕಮ್ಮಿ. ಖಮೀಸ್ ಬದುಕಿದ್ದಾಗ ಅಣಕಿಸಿಕೊಂಡೇ ಎತ್ತುತ್ತಿದ್ದ ಕೈಗಳು ಅವು. ಮಹ್ರೆಜ್ ಒಬ್ಬನೇ ಎತ್ತಲಿಲ್ಲ. ಬಲಗೈಯನ್ನು ಜುಬ್ಬದ ತೋಳಿನೊಳಗೆ ಎಳೆದುಕೊಂಡು, ಎಡ ಹೆಗಲು ಕೊಟ್ಟು ಚಟ್ಟ ಹೊತ್ತ.

*

ಮಹ್ರೆಜ್‌ನ ಬೆರಳು ಹೋದ ದಿನವೂ ಒಂದು ಹಡಗು ಕಾಯುತ್ತಿತ್ತು. ಹಡಗು ಯಾವತ್ತು ಕಾಯುವುದಿಲ್ಲ?

ಮಣೆ ಎತ್ತಿ ಹಿಡಿದಿದ್ದರು, ದಿಮ್ಮಿ ಓರೆಯಾಗಿತ್ತು. ಕೋಲು ಅಪ್ಪನ ಹತ್ತಿರ, ಅಪ್ಪ ಅಂಗಳದ ಆ ತುದಿಯಲ್ಲಿ ಗರಗಸದ ಪಕ್ಕ. "ಕೋಲು ತರೋಕೆ ಹೋಗ್ತೀಯೇನೋ ಮಗನೇ?" ಎಂದ ಬೂರಾವಿ. ಎಲ್ಲರೂ ಕಿಸಕ್ಕೆಂದರು. ಮಹ್ರೆಜ್ ಮಂಡಿಯೂರಿ ಬಲಗೈಯನ್ನು ಒಳಗೆ ತೂರಿಸಿದ.

ಆಗ ಅಪ್ಪ ಕೂಗಿದ. ಗರಗಸ ಕಿರುಚುತ್ತಿತ್ತು, ನಿಜ. ಆದರೂ ಕೂಗು ಕೇಳಿಸಿತು. "ಮಹ್ರೆಜ್, ಕೈ ತೆಗೀ!" ಒಂದೊಂದು ಅಕ್ಷರವೂ ಕೇಳಿಸಿತು. ಅಷ್ಟು ಜನರ ಎದುರಿಗೆ ಅಪ್ಪನ ಮಾತಿಗೆ ಕೈ ಹಿಂದಕ್ಕೆ ಎಳೆದುಕೊಂಡರೆ ಜನ್ಮವೇ ಮುಗಿಯಿತು ಎಂದುಕೊಂಡು ಅವನು ಕೇಳಿಸದವನ ಹಾಗೆ ಇನ್ನೂ ಸ್ವಲ್ಪ ಒಳಕ್ಕೆ ತಳ್ಳಿದ. ಹಾರೆ ಜಾರಿತು.

ಆಸ್ಪತ್ರೆಯಲ್ಲಿ ಮೂರು ಬೆರಳನ್ನೂ ಜೋಡಿಸಲಾಗುವುದಿಲ್ಲ ಎಂದರು. ಮಧ್ಯಾಹ್ನವೆಲ್ಲ ಅಮ್ಮ ಪಕ್ಕದಲ್ಲಿದ್ದಳು, ಹತ್ತಾಬ್ ಇದ್ದ, ಬೂರಾವಿ ಕೂಡ ಕಿತ್ತಳೆ ಹಣ್ಣು ತಂದಿದ್ದ. ಅಪ್ಪನ ಸುಳಿವಿಲ್ಲ. ಸಂಜೆ ಬಂದ. ಪ್ಯಾಂಟಿನ ಮೊಣಕಾಲಿನಲ್ಲಿ ಕೆಂಪು ಮಣ್ಣು, ಉಗುರಲ್ಲೂ ಮಣ್ಣು.

"ಎಲ್ಲಿಗೆ ಹೋಗಿದ್ದೆ?" ಎಂದು ಕೇಳಿದ ಮಹ್ರೆಜ್.

"ಕೆಲಸ ಇತ್ತು," ಎಂದ ಅಪ್ಪ.

ಕೆಲಸ ಇತ್ತಂತೆ! ಮಗನ ಕೈ ಹೋದ ದಿನ ಈ ಮನುಷ್ಯನಿಗೆ ಕೆಲಸ ಇತ್ತಂತೆ. ಮಹ್ರೆಜ್ ಗೋಡೆ ಕಡೆ ಹೊರಳಿ ಮಲಗಿದ. ಅಪ್ಪನ ಚಪ್ಪಲಿ ಸದ್ದು ಮಂಚದಿಂದ ದೂರವಾಯಿತು. ಅವರಿಬ್ಬರ ನಡುವಿನ ಕೊನೆಯ ನಿಜವಾದ ಮಾತು ಅದೇ. ಅಲ್ಲಿಂದ ಮುಂದೆ ಶುಕ್ರವಾರದ ನಮಾಜು ಮುಗಿದರೆ ಅಪ್ಪ ಮನೆಗೂ ಬರುತ್ತಿರಲಿಲ್ಲ. ಒಂದು ಬಾಟಲಿ ನೀರು ಹಿಡಿದು ಎತ್ತಲೋ ಹೋಗಿಬಿಡುತ್ತಿದ್ದ. "ಕಾಫಿ ಅಂಗಡಿಗೆ ಹೋಗಿರ್ತಾರೆ ಬಿಡು," ಎನ್ನುತ್ತಿದ್ದಳು ಅಮ್ಮ. ಮಗನ ಮುಖ ನೋಡಿಕೊಂಡು ಉಣ್ಣುವುದಕ್ಕಿಂತ ಕಾಫಿ ಅಂಗಡಿಯೇ ಹಿತ ಎಂದುಕೊಂಡ ಮಹ್ರೆಜ್.

*

ಸ್ಮಶಾನದಲ್ಲಿ ಗುಂಡಿ ಸಿದ್ಧವಾಗಿತ್ತು. ಗೋರಿ ತೋಡುವ ಜೀಲಾನಿ ಸಲಿಕೆ ಊರಿಕೊಂಡು ಕಾಯುತ್ತಿದ್ದ. ಬಿಳಿ ಬಟ್ಟೆ ಸುತ್ತಿದ ಅಪ್ಪನನ್ನು ಇಳಿಸಲು ಮಹ್ರೆಜ್ ಗುಂಡಿಯ ಅಂಚಿಗೆ ಬಂದು ಕಾಲಿಟ್ಟ.

"ಏ, ಅಲ್ಲಿ ತುಳೀಬೇಡ! ಚಿಕ್ಕದಿದೆ ಅಲ್ಲಿ," ಎಂದು ಜೀಲಾನಿ ಗದರಿದ.

ಮಹ್ರೆಜ್ ಕಾಲು ತೆಗೆದು ನೋಡಿದ. ಗೇಣುದ್ದದ ದಿಬ್ಬ. ಸುತ್ತ ಬಿಳಿ ಕಲ್ಲು ಜೋಡಿಸಿತ್ತು. ತಲೆಯ ಕಡೆ ಒಂದು ಮರದ ತುಂಡು ನೆಟ್ಟಿತ್ತು. ಮಣೆಯ ತೊಲೆಯಿಂದ ಕೊಯ್ದದ್ದು, ನೋಡಿದರೇ ತಿಳಿಯುತ್ತಿತ್ತು. ಅಂಚುಗಳನ್ನು ಯಾರಿಗೂ ಸಿಬಿರು ಚುಚ್ಚದ ಹಾಗೆ ಉಜ್ಜಿ ನುಣುಪು ಮಾಡಿತ್ತು. ಮೇಲೊಂದು ಬಾಡಿದ ಹಸಿರು ರೆಂಬೆ ಬಿದ್ದಿತ್ತು.

"ಯಾವ ಕೂಸಿಂದು?"

"ಖಮೀಸನ ಮಗಂದು."

"ಖಮೀಸನಿಗೆ ಇರೋನು ನಾನೊಬ್ಬನೇ ಮಗ."

ಜೀಲಾನಿಯ ಕಣ್ಣು ಅವನ ಮುಖದಿಂದ ಇಳಿದು ತೋಳಿನ ತುದಿಗೆ ಬಂತು. ತೋಳಿನೊಳಗಿಂದ ಎರಡು ಬೆರಳು ಕಾಣುತ್ತಿದ್ದವು.

"ಓ," ಎಂದ ಮುದುಕ. "ನೀನೇನಾ ಅದು?"

ಜೀಲಾನಿಗೆ ಹೇಳದೆ ಬೇರೆ ದಾರಿಯಿರಲಿಲ್ಲ. "ನಿನ್ನ ಬೆರಳನ್ನ ಕರವಸ್ತ್ರದಲ್ಲಿ ಸುತ್ಕೊಂಡು ಬಂದಿದ್ದ. ಮನುಷ್ಯನ ಮೈಯಿಂದ ಹೋಗಿದ್ದನ್ನ ಬಿಸಾಡೋ ಹಾಗಿಲ್ಲ, ಮಣ್ಣಿಗೇ ಕೊಡ್ಬೇಕು. ಅದು ಸರಿ, ಎಲ್ರೂ ಹಾಗೇ ಮಾಡೋದು. ನಾನು ತೋಡ್ತೀನಿ ಅಂದೆ, ಬಿಡ್ಲಿಲ್ಲ. ಮಂಡಿಯೂರಿ ತಾನೇ ತೋಡ್ದ, ಕೈಯಲ್ಲಿ. ಮಧ್ಯಾಹ್ನದಿಂದ ಸಂಜೆ ತನಕ ಇಲ್ಲೇ ಕೂತಿದ್ದ. ಆಮೇಲೆ ಒಂದು ಶುಕ್ರವಾರಾನೂ ತಪ್ಪಿಸ್ಲಿಲ್ಲಪ್ಪ. ನೀರು ಹಾಕೋನು, ಪಕ್ಕದಲ್ಲಿ ಕೂತ್ಕೊಳ್ಳೋನು, ಮಾತಾಡೋನು."

"ಮಾತಾಡ್ತಿದ್ನಾ?"

"ಅಯ್ಯೋ, ಎಷ್ಟು ಮಾತು! ಅಂಗಳದ ಸುದ್ದಿ, ಮನೆ ಸುದ್ದಿ, ಎಲ್ಲ. 'ಇವತ್ತು ನಿನ್ನ ಅಮ್ಮ ಮೀನಿನ ಸಾರು ಮಾಡಿದ್ಲು, ಖಾರ ಜಾಸ್ತಿ' ಅಂತ ಒಂದು ದಿನ ಹೇಳ್ತಿದ್ದ, ನನಗೆ ನಗು ಬಂತು."

ಮಹ್ರೆಜ್ ಆ ಪುಟ್ಟ ದಿಬ್ಬದ ಕಡೆ ಬಗ್ಗಿ ನೋಡಿದ. ಸತ್ತ ಮೂರು ಬೆರಳಿನ ಹತ್ತಿರ ಇಷ್ಟೆಲ್ಲ ಆಡಿದವನು, ಬದುಕಿ ಉಳಿದಿದ್ದ ಮಿಕ್ಕ ಮಗನ ಹತ್ತಿರ ಒಂದು ಮಾತೂ ಆಡಲಿಲ್ಲ. ಒಂದೇ ಗೋಡೆಯ ಆಚೆ ಈಚೆ ಮಲಗುತ್ತಿದ್ದೆವಲ್ಲೋ ಅಪ್ಪ!

"ನನ್ನ ಬೈತಿದ್ನಾ?" ಎಂದು ಕೇಳಿದ. ಇಷ್ಟು ವರ್ಷ ಅವನಿಗೆ ಗೊತ್ತಾಗಬೇಕಿದ್ದುದು ಅದೊಂದೇ.

"ಬೈಯೋದೇ? ಇಲ್ಲಪ್ಪ. ಏಳೋವಾಗ ಪ್ರತಿ ಸಲ ಒಂದೇ ಮಾತು. 'ಗರಗಸದ ಸದ್ದಲ್ಲಿ ನಿನಗೆ ಕೇಳಿಸ್ಲಿಲ್ಲ ಕಂದ. ನಾನು ಇನ್ನೂ ಗಟ್ಟಿಯಾಗಿ ಕೂಗ್ಬೇಕಿತ್ತು.' ಅಷ್ಟು ಹೇಳಿ, ಬೆನ್ನು ತಿರುಗಿಸಿ ಹೋಗಿಬಿಡೋನು."

ಹತ್ತಾಬ್ ಮುಖ ಮುಚ್ಚಿಕೊಂಡ. ಬೂರಾವಿ ತನ್ನ ಚಪ್ಪಲಿಯನ್ನು ನೋಡತೊಡಗಿದ. ಯಾರೋ, "ತಡ ಆಗ್ತಿದೆ, ಇಳಿಸ್ರಪ್ಪ," ಎಂದರು.

ಇಳಿಸಿದರು. ಅಜ್ಜಿಯ ಎಡಕ್ಕೆ ಅಂದದ್ದು ಅಜ್ಜಿಗಾಗಿ ಅಲ್ಲ, ಆ ಗೇಣುದ್ದದ ದಿಬ್ಬಕ್ಕಾಗಿ. ಅಪ್ಪನನ್ನು ಮಗ್ಗುಲಾಗಿ ಮಲಗಿಸಿ, ಮೇಲೆ ಚಪ್ಪಡಿ ಕಲ್ಲು ಒಂದೊಂದಾಗಿ ಇಟ್ಟರು. ಕಲ್ಲು ಭಾರವಿತ್ತು. ಒಬ್ಬ ಹುಡುಗಾಟಿಕೆಯವನು ಅಡಿಗೆ ಬೆರಳು ಕೊಟ್ಟು ಹಿಡಿದಿದ್ದ. ಅವನಿಗೆ ಕೈ ತೆಗಿ ಎಂದು ಹೇಳುವವರು ಯಾರೂ ಇರಲಿಲ್ಲ. ಅವನ ಪುಣ್ಯ, ಏನೂ ಆಗಲಿಲ್ಲ.

ಎಲ್ಲರೂ ದೇವರ ಹೆಸರು ಹೇಳತೊಡಗಿದರು. ಅಷ್ಟು ಗಂಡಸರ ದನಿ ಒಟ್ಟಿಗೆ ಎದ್ದಿತು. ಮಹ್ರೆಜ್ ಗುಂಡಿಯ ಮೇಲೆ ಬಗ್ಗಿದ.

"ಕೇಳಿಸಿತ್ತು ಅಪ್ಪ," ಎಂದ.

ದನಿಗಳ ನಡುವೆ ಅದು ಅವನ ಕಿವಿಗೇ ಬೀಳಲಿಲ್ಲ. ಇನ್ನೊಮ್ಮೆ ಹೇಳಿದ. "ನೀನು ಕೂಗಿದ್ದು ಕೇಳಿಸಿತ್ತು. ಚೆನ್ನಾಗೇ ಕೇಳಿಸಿತ್ತು." ಚಪ್ಪಡಿಗಳ ಸಂದಿಗೆ ಜೀಲಾನಿ ಒದ್ದೆ ಮಣ್ಣು ಮೆತ್ತುತ್ತಿದ್ದ, ಒಂದು ಸಂದಿಯನ್ನೂ ಬಿಡದೆ.

"ಮಗ ಮೊದಲು ಹಾಕ್ಬೇಕು. ಮೂರು ಹಿಡಿ. ಬಲಗೈಯಲ್ಲಿ," ಎಂದರು ಮಸೀದಿಯ ಮುದುಕರು.

ಮಹ್ರೆಜ್ ಜುಬ್ಬದ ತೋಳು ಮೇಲಕ್ಕೆ ಸರಿಸಿದ. ಎಲ್ಲರ ಎದುರಿಗೆ ಆ ಕೈಯನ್ನು ಕೆಂಪು ಮಣ್ಣಿನ ರಾಶಿಗೆ ಹಾಕಿ, ಇದ್ದ ಎರಡು ಬೆರಳು ಮಡಿಸಿ ಮೇಲೆತ್ತಿದ. ಕೈ ಗುಂಡಿಯ ಮೇಲೆ ಬರುವಷ್ಟರಲ್ಲಿ ಮಣ್ಣೆಲ್ಲ ಬೆರಳಿಲ್ಲದ ಕಡೆಯಿಂದ ಜಾರಿ ಪಕ್ಕದ ಪುಟ್ಟ ದಿಬ್ಬದ ಮೇಲೆ ಬಿತ್ತು. ಮತ್ತೆ ಎತ್ತಿದ. ಮತ್ತೆ ಅಲ್ಲಿಯೇ ಬಿತ್ತು. ಮೂರನೆಯ ಸಲ ಅವನು ಕೈ ಚಾಚಿ ಗುಂಡಿಯ ಮೇಲೆ ಹಿಡಿದೇ ನಿಂತ. ಅಂಗೈಯಲ್ಲಿ ಅಪ್ಪನಿಗೆ ಕೊಡಲು ಏನೂ ಉಳಿದಿರಲಿಲ್ಲ.